ಹಲ್ಲಿನ ಡಬ್ಬಿಯಲ್ಲಿ ಕಣ್ಣು

ನಮ್ಮಣ್ಣನ ಮಗಳು ಹಲ್ಲಿನ ಡಾಕ್ಟರಿಕೆ ಓದಿ ಮುಗಿಸಿದಳು. ಮುಗಿಸಿದ ಮೇಲೆ ಅದು ಅವಳಿಗೆ ಬಿಸಿತುಪ್ಪವಾಯಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಓದಿದ್ದು ಬೇಡವಾದವರು ಮುಂದೇನು ಮಾಡಬೇಕೆಂದು ಬುದ್ಧಿ ಹೇಳುವವರು ಊರು ತುಂಬ ಇದ್ದಾರೆ. ನಾನು ಆ ಪೈಕಿ ಅಲ್ಲ. ಅವಳು ಮಾಡಿದ್ದನ್ನು ಹತ್ತಿರದಿಂದ ನೋಡಿದವಳು ನಾನು, ಅದೂ ಎದುರು ಪಕ್ಷದಲ್ಲಿ ಕೂತು. ಅವಳು ಗೆದ್ದರೆ ನನ್ನ ಕೆಲಸ ಹೋಗುತ್ತಿತ್ತು.

ನಮ್ಮ ಕ್ಲಿನಿಕ್ಕು ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ನನ್ನ ಮೇಜು. ಒಳಕೋಣೆಯಲ್ಲಿ ರೋಗಿ ಒರಗುವ ದೊಡ್ಡ ಕುರ್ಚಿ, ಅದರ ನೆತ್ತಿಯ ಮೇಲೆ ದೀಪ, ರಸ್ತೆಗೆ ತೆರೆದ ಅಗಲವಾದ ಕಿಟಕಿ. ಅದಕ್ಕೂ ಹಿಂದೆ ಹಲ್ಲಿನ ಸೆಟ್ಟು ಅಚ್ಚು ಹಾಕಿ ಬೇಯಿಸುವ ಕಿರುಕೋಣೆ. ಅಣ್ಣ ಒಳಗೆ ಹಲ್ಲು ಕೀಳುತ್ತಿದ್ದ. ನಾನು ಹೊರಗೆ ಸರದಿ ನೋಡಿ ಜನರನ್ನು ಕಳಿಸುತ್ತಿದ್ದೆ, ಮೆಲ್ಲನೆ ಎದ್ದು ಓಡಲು ನೋಡುವವರನ್ನು ಗದರಿ ಕೂರಿಸುತ್ತಿದ್ದೆ. ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿ ಈಗ ನಿಜವಾದದ್ದು ನನಗೇ ಮರೆತುಹೋಗಿದೆ. ಅತ್ತಿಗೆ ಬೇಗ ತೀರಿಕೊಂಡಳು. ಹಾಗಾಗಿ ಅವಳ ಮಗಳು ಶಾಲೆಯಿಂದ ಬಂದು ಆಡಿದ್ದು, ಓದಿದ್ದು, ನಿದ್ದೆ ಮಾಡಿದ್ದು ಎಲ್ಲ ನನ್ನ ಮೇಜಿನ ಬುಡದಲ್ಲೇ.

ಹಲ್ಲು ಕಟ್ಟುವ ಮೊದಲು ರೋಗಿಯ ಉಳಿದ ಹಲ್ಲುಗಳ ಬಣ್ಣ ನೋಡಬೇಕು. ಬಿಳಿ ಎಂದರೆ ಎಲ್ಲರದೂ ಒಂದೇ ಬಿಳಿಯಲ್ಲ. ಈ ವಿಷಯದಲ್ಲಿ ಅಣ್ಣನದು ಒಂದು ಹಟ: ದೀಪದ ಕೆಳಗೆ ಬಣ್ಣ ನೋಡುವ ಹಾಗಿಲ್ಲ. ರೋಗಿಯನ್ನು ಕುರ್ಚಿಯಿಂದ ಎಬ್ಬಿಸಿ, ಕಿಟಕಿಯ ಹತ್ತಿರ ಕರೆದೊಯ್ದು, ಮಾದರಿ ಹಲ್ಲುಗಳ ಸಾಲನ್ನು ತುಟಿಯ ಪಕ್ಕ ಹಿಡಿಯುತ್ತಿದ್ದ. ದೀಪ ಸುಳ್ಳು ಹೇಳುತ್ತದೆ ಎನ್ನುವುದು ಅವನ ಮಾತು. ಮಗಳಿಗೆ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನಲ್ಲೇ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಯಾವುದು ಹೊಂದುತ್ತದೆ ಎಂದು ಕೇಳುತ್ತಿದ್ದ. ಅವಳು ಬೆರಳಿಟ್ಟದ್ದು ತಪ್ಪುತ್ತಿರಲಿಲ್ಲ. ಇವಳು ಹುಟ್ಟಾ ಹಲ್ಲಿನ ಡಾಕ್ಟರು ಎಂದು ಅಣ್ಣ ತೀರ್ಮಾನಿಸಿಬಿಟ್ಟ. ಬೆಂಚಿನ ಮೇಲೆ ಕೂತವರು ಮರಿ ಡಾಕ್ಟರು ಎಂದು ಹೆಸರಿಟ್ಟರು. ಬಣ್ಣ ನೋಡುವುದು ಬೇರೆ, ಇನ್ನೊಬ್ಬರ ಬಾಯಿಗೆ ಕೈ ಹಾಕುವುದು ಬೇರೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಕಾಲೇಜಿನಲ್ಲಿ ಚೆನ್ನಾಗಿಯೇ ಓದಿದಳು. ಕೈಯೂ ಕುದುರಿತು. ಆದರೆ ಕುರ್ಚಿಯಲ್ಲಿ ಒರಗಿದವನು ಬಾಯಿ ತೆರೆದು ಅವಳನ್ನು ಕೆಳಗಿನಿಂದ ದಿಟ್ಟಿಸುವಾಗ ಅವಳಿಗೆ ಉಸಿರು ಕಟ್ಟುತ್ತಿತ್ತು. ನನ್ನನ್ನು ನೋಡಿ ಹೆದರುವವರನ್ನೇ ಜೀವನವಿಡೀ ನೋಡುತ್ತಿರಬೇಕಾ ಅತ್ತೆ ಎಂದು ಒಮ್ಮೆ ಕೇಳಿದಳು. ಅಭ್ಯಾಸವಾಗುತ್ತದೆ ಎಂದೆ. ಅಭ್ಯಾಸವಾಗಿಬಿಟ್ಟರೆ ಎನ್ನುವುದೇ ಭಯ ಎಂದಳು. ನನಗೆ ಸಿಟ್ಟು ಬಂತು. ಇಷ್ಟು ಓದಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತಲ್ಲ ಎಂದು ಅಂದೂಬಿಟ್ಟೆ.

ಅವಳಿಗೆ ಈ ಕೆಲಸ ಹಿಡಿಸಿಲ್ಲವೆಂದು ಗೊತ್ತಾದದ್ದೇ ನೆಂಟರಿಗೆ ಹಬ್ಬ. ತಲೆಗೊಂದು ಮಾತು. ಬ್ಯಾಂಕ್ ಪರೀಕ್ಷೆ ಕಟ್ಟು ಎಂದ ಒಬ್ಬ. ಕಾಲೇಜಿನಲ್ಲಿ ಪಾಠ ಹೇಳು ಎಂದಳು ಇನ್ನೊಬ್ಬಳು. ವಿಮೆ ಕಂಪನಿಯಲ್ಲಿ ಕೂತು ಆಸ್ಪತ್ರೆ ಬಿಲ್ಲು ತಿರುವಿಹಾಕು ಎಂದರು ದೊಡ್ಡಮಾವ. ಅವಳು ಸುಮ್ಮನೆ ಕೂರಲಿಲ್ಲ. ಟೂತ್‌ಪೇಸ್ಟ್ ಕಂಪನಿಯ ಪರವಾಗಿ ಡಾಕ್ಟರುಗಳ ಬಾಗಿಲು ಕಾದಳು. ನಗು ಬರದಿದ್ದರೂ ನಗಬೇಕಾದ ಕೆಲಸ ಅದು, ಕೆನ್ನೆ ನೋವು ಬರಿಸಿಕೊಂಡು ವಾಪಸಾದಳು. ಪಾಠ ಹೇಳಲು ಹೋದಳು; ನನಗೇ ಬೇಡವಾದದ್ದನ್ನು ಮಕ್ಕಳಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಬಿಟ್ಟಳು. ಊರಿಗೊಂದು ದಾರಿ, ಪೋರನಿಗೊಂದು ದಾರಿ ಎಂದು ಅಣ್ಣ ಗೊಣಗಿದ. ಕೊನೆಗೆ ಅವಳು ತಲೆ ತಗ್ಗಿಸಿಕೊಂಡು ಬಂದು ಅಣ್ಣನ ಪಕ್ಕದಲ್ಲಿ ನಿಂತಳು.

ಆ ಹೊತ್ತಿಗೆ ಅಣ್ಣನ ಕುತ್ತಿಗೆ ಕೆಟ್ಟಿತ್ತು. ಜೀವಮಾನವೆಲ್ಲ ಬೇರೆಯವರ ಬಾಯಿಗೆ ಬಗ್ಗಿ ನೋಡಿದ ಕುತ್ತಿಗೆ ಅದು. ಬಗ್ಗಿಸಲು ಆಗುತ್ತಿರಲಿಲ್ಲ, ಬಲಗೈ ಬೆರಳುಗಳು ಮರಗಟ್ಟುತ್ತಿದ್ದವು. ಮೂಳೆ ಡಾಕ್ಟರು ಪಟ್ಟಿ ಕಟ್ಟಿ, ಇನ್ನು ಸಾಕು ಮಾಡಿ ಎಂದರು. ಅಣ್ಣ ತಿಂಗಳ ಕೊನೆಯವರೆಗೆ ಎಂದು ಗಡುವು ಹಾಕಿಕೊಂಡ. ಒಂದನೇ ತಾರೀಖಿನಿಂದ ಕುರ್ಚಿ ಮಗಳದು. ಬೋರ್ಡು ಬರೆಯುವವನಿಗೂ ಹೇಳಿ ಆಯಿತು. ಅವಳು ಕೂರದಿದ್ದರೆ ಕ್ಲಿನಿಕ್ಕಿಗೆ ಬೀಗ. ಬೀಗ ಬಿದ್ದರೆ ನಾನು ಮನೆಯಲ್ಲಿ ಕೂತು ಯಾರನ್ನು ಗದರಲಿ? ನನಗೆ ಗೊತ್ತಿದ್ದ ಕೆಲಸ ಅದೊಂದೇ.

ಗಡುವು ಹತ್ತಿರ ಬಂದಾಗ ಒಬ್ಬ ಬಸ್ ಡ್ರೈವರು ದವಡೆ ಊದಿಸಿಕೊಂಡು ಬಂದ. ಮಗಳೇ ಕೀಳಲಿ ಎಂದು ಅಣ್ಣ ಹಿಂದೆ ನಿಂತ. ನಾನು ಬಾಗಿಲಲ್ಲಿದ್ದೆ. ಇಂಜೆಕ್ಷನ್ ಆಯಿತು, ದವಡೆ ಮರಗಟ್ಟಿತು, ಅವಳು ಇಕ್ಕಳ ಹಿಡಿದು ಹಲ್ಲು ಅಲುಗಿಸಿದಳು. ಆ ದಾಂಡಿಗ ಕುರ್ಚಿಯ ಕೈ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಕಣ್ಣಿಂದ ನೀರು ಇಳಿಯಿತು. ಅವಳ ಕೈ ನಿಂತಿತು. ಅಣ್ಣ ಮೆಲ್ಲಗೆ ಹೂಂ ಎಂದ. ಕೈ ಏಳಲಿಲ್ಲ. ಇನ್ನೊಮ್ಮೆ ಹೂಂ ಎಂದ. ಅವಳ ಮುಖ ಸುಣ್ಣವಾಗಿತ್ತು. ಹಲ್ಲು ಅರ್ಧ ಸಡಿಲಾಗಿ ರಕ್ತ ತುಂಬುತ್ತಿದ್ದ ಬಾಯಿ, ಅಲ್ಲಿಗೆ ಬಿಡುವಂತಿಲ್ಲ. ಅಣ್ಣ ಕುತ್ತಿಗೆಯ ಪಟ್ಟಿ ಕಿತ್ತೆಸೆದು ಇಕ್ಕಳ ಕಸಿದುಕೊಂಡ. ಮರಗಟ್ಟಿದ ಬೆರಳಿಗೆ ಹಿಡಿತ ಸಿಗದೆ ಇಕ್ಕಳ ಜಾರಿ ತುಟಿ ಸೀಳಿತು. ಹೇಗೋ ಹಲ್ಲು ಬಂತು. ಡ್ರೈವರು ಹೋದ ಮೇಲೆ ಅಣ್ಣ ಕುತ್ತಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತ. ಅವಳು ಹಿಂದಿನ ಕೋಣೆಯ ಸಿಂಕಿನಲ್ಲಿ ವಾಂತಿ ಮಾಡುತ್ತಿದ್ದಳು. ಹೊಸತರಲ್ಲಿ ಎಲ್ಲರಿಗೂ ಹೀಗೇ ಎಂದು ಅಣ್ಣ ನನಗೆ ಹೇಳಿದ. ಅದನ್ನು ಅವನೇ ನಂಬಿರಲಿಲ್ಲ.

ಇದೇ ದಿನಗಳಲ್ಲಿ ಕಪ್ಪು ಕನ್ನಡಕದ ಒಬ್ಬ ಹೆಂಗಸು ಪದೇ ಪದೇ ಬರತೊಡಗಿದ್ದಳು. ಪುಟ್ಟ ಮಕ್ಕಳ ಶಾಲೆಯ ಟೀಚರು. ಮೊದಲ ಸಲ ಬಂದದ್ದು ಹುಳುಕು ಹಲ್ಲಿಗೆ. ಆ ಹಲ್ಲಿಗೆ ಸಿಮೆಂಟು ತುಂಬಿ ಆಗಿತ್ತು, ಆದರೂ ಬರುತ್ತಿದ್ದಳು, ಅದೂ ಸಂಜೆ, ಅಣ್ಣ ಕುತ್ತಿಗೆ ನೋವೆಂದು ಮನೆಗೆ ಹೋದ ಮೇಲೆ. ಅವಳು ಒಳಗೆ ಹೋದೊಡನೆ ಮರಿ ಡಾಕ್ಟರು ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆಯುತ್ತಿದ್ದಳು. ಒಂದು ಹಲ್ಲಿಗೆ ಇಷ್ಟು ಸಲ ಬರುವ ರೋಗಿಯನ್ನು ನಾನು ಕಂಡವಳಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಒಂದು ಬೆಳಿಗ್ಗೆ ಕಿರುಕೋಣೆ ಗುಡಿಸಲು ಹೋದಾಗ ಕಪಾಟಿನಲ್ಲಿ ಸೆಟ್ಟು ಹಾಕಿಡುವ ಡಬ್ಬಿಗಳ ಹಿಂದೆ ಹೆಸರು ಬರೆಯದ ಡಬ್ಬಿಯೊಂದು ಕಂಡಿತು. ಮುಚ್ಚಳ ತೆಗೆದೆ. ನೀರಿನೊಳಗಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಕಂದು ಪಾಪೆ, ಬಿಳಿಯ ಮೇಲೆ ಸಣ್ಣ ಕೆಂಪು ನರಗಳು. ಡಬ್ಬಿ ಕೈಜಾರದೆ ಉಳಿದದ್ದು ನನ್ನ ಪುಣ್ಯವಲ್ಲ, ಅವಳ ಪುಣ್ಯ.

ಮರಿ ಡಾಕ್ಟರು ಬಂದಾಗ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟುಕೊಂಡು ಕೂತಿದ್ದೆ. ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದಳು. ಟೀಚರಿಗೆ ಚಿಕ್ಕಂದಿನಲ್ಲಿ ಚೆಂಡು ಬಡಿದು ಒಂದು ಕಣ್ಣು ಹೋಗಿತ್ತು. ಆಸ್ಪತ್ರೆಯಲ್ಲಿ ರೆಡಿಮೇಡ್ ಕಣ್ಣುಗಳ ಪೆಟ್ಟಿಗೆಯಿಂದ ಸುಮಾರಾಗಿ ಹೊಂದುವುದನ್ನು ಆರಿಸಿ ಹಾಕಿದ್ದರು. ಶಾಲೆಯ ಮಕ್ಕಳು ಯಾವ ಕಣ್ಣು ನೋಡಿ ಮಾತಾಡಬೇಕೆಂದು ಗೊತ್ತಾಗದೆ ಅಳುತ್ತಿದ್ದವಂತೆ. ಹಲ್ಲಿಗೆ ಸಿಮೆಂಟು ತುಂಬುವಾಗ ಇವಳು ಹಲ್ಲಿಗಿಂತ ಹೆಚ್ಚಾಗಿ ಆ ಕಣ್ಣನ್ನೇ ನೋಡಿದ್ದಾಳೆ. ದೊಡ್ಡಾಸ್ಪತ್ರೆಯ ಒಂದು ಮೂಲೆಯಲ್ಲಿ ಕಣ್ಣು ಮಾಡುವ ಮೇಷ್ಟ್ರು ಒಬ್ಬರಿದ್ದಾರೆಂದು ಯಾರೋ ಹೇಳಿದ್ದರು. ರಜಾ ದಿನ ಹೋಗಿ ಅವರ ಪಕ್ಕದಲ್ಲಿ ಕೂತು ಕಲಿಯುತ್ತಿದ್ದಾಳೆ. ನಾವು ಹಲ್ಲಿಗೆ ಬಳಸುವ ಪುಡಿ, ಅದೇ ಅಚ್ಚು, ಅದೇ ಬೇಯಿಸುವ ಪಾತ್ರೆ. ನರಗಳಿಗೆ ಕೆಂಪು ರೇಷ್ಮೆ ದಾರದ ಎಳೆ. ನೀನೇ ಒಂದು ಪೂರ್ತಿ ಮಾಡಿ ತೋರಿಸು, ಒಂದನೇ ತಾರೀಖಿಗೆ ನನ್ನ ಜೊತೆ ಕೆಲಸಕ್ಕೆ ಸೇರಿಸಿಕೊಳ್ತೀನಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ತೀನಿ ಎಂದಿದ್ದರು ಮೇಷ್ಟ್ರು.

ಎರಡು ಕಡೆಯೂ ಅದೇ ಒಂದನೇ ತಾರೀಖು.

"ನನ್ನ ಹೊಟ್ಟೆ ಮೇಲೆ ಹೊಡೀತಿದೀಯ ಕಣೆ," ಎಂದೆ. "ನಿಮ್ಮಪ್ಪನ ಕಣ್ಣಿಗೆ ಮಣ್ಣೆರಚಿ, ಅವನದೇ ಕೋಣೇಲಿ."

"ಅಲ್ಲಿ ಕಣ್ಣಿಗೆ ಬಂದವರು ನನ್ನೆದುರಿಗೆ ಕೂರ್ತಾರೆ ಅತ್ತೆ. ಮಂಡಿಗೆ ಮಂಡಿ ತಾಗೋ ಹಾಗೆ," ಎಂದಳು. "ಹೆದರಲ್ಲ. ಸುಮ್ಮನೆ ನನ್ನ ನೋಡ್ತಾ ಇರ್ತಾರೆ."

ಬೋರ್ಡಿನವನು ಬರುವ ಮೊದಲು ನೀನೇ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಆ ಸಂಜೆ ಟೀಚರು ಬಂದು ಹೊಸ ಕಣ್ಣು ಹಾಕಿಸಿಕೊಂಡು, ಕಪ್ಪು ಕನ್ನಡಕದ ಹಿಂದೆಯೇ ನಗುತ್ತಾ ಇಳಿದುಹೋದಳು.

ಮರುದಿನ ಬೆಳಿಗ್ಗೆ ಟೀಚರು ಏದುಸಿರು ಬಿಡುತ್ತಾ ಬಂದಳು. ನಾನು ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ನೇರ ಒಳಗೆ ಹೋಗಿ ಅಣ್ಣನ ಮುಂದೆ ನಿಂತಿದ್ದಾಳೆ. ಏನು ತೊಂದರೆ, ಯಾವ ಹಲ್ಲು ಎಂದು ಅಣ್ಣ ಕೇಳಿದ. ಹಲ್ಲಲ್ಲ ಡಾಕ್ಟ್ರೆ, ಕಣ್ಣು ಎಂದಳು ಅವಳು. ಬಾಗಿಲಿನಿಂದ ನನಗೆ ಕಂಡದ್ದು ಇಬ್ಬರ ಬೆನ್ನು ಮಾತ್ರ. ಅಣ್ಣ ಮಾಮೂಲಿನಂತೆ ಅವಳನ್ನು ಕಿಟಕಿಯ ಹತ್ತಿರ ಕರೆದೊಯ್ದ. ಅವಳು ಕನ್ನಡಕ ತೆಗೆದಳು. ನಿನ್ನೆ ಸಂಜೆ ಕನ್ನಡಿಯಲ್ಲಿ ಸರಿಯಾಗಿತ್ತು, ಇವತ್ತು ಪಕ್ಕದ ಮನೆಯ ಮಗು ಅಂಗಳದಲ್ಲಿ ನೋಡಿ ನಿನ್ನ ಒಂದು ಕಣ್ಣು ಹಸಿರು ಎಂದಿತಂತೆ.

ಅಣ್ಣ ಅವಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದ. ಮರಿ ಡಾಕ್ಟರು ಸಿಂಕಿನ ಹತ್ತಿರ ಕೈ ತೊಳೆಯುತ್ತಾ ನಿಂತವಳು ನಲ್ಲಿ ನಿಲ್ಲಿಸಿದಳು.

"ಒಳ್ಳೇ ಕೈ," ಎಂದ ಅಣ್ಣ. "ಆದ್ರೆ ದೀಪದ ಕೆಳಗೆ ಕೂತು ಬಣ್ಣ ಹಾಕಿದ್ದಾರೆ. ಇಂಥ ಕೈ ಇಟ್ಕೊಂಡು ಇಂಥ ತಪ್ಪು ಯಾರು ಮಾಡಿದ್ದು?"

"ನಾನು," ಎಂದಳು ಮಗಳು.

ಅಣ್ಣನ ಕುತ್ತಿಗೆ ತಿರುಗುತ್ತಿರಲಿಲ್ಲ. ಇಡೀ ಮೈಯನ್ನೇ ಮೆಲ್ಲಗೆ ತಿರುಗಿಸಿ ಅವಳನ್ನು ನೋಡಿದ. ಹಾಲುಹಲ್ಲಿನ ಕಾಲದಿಂದ ಕಲಿತ ಒಂದೇ ಪಾಠದಲ್ಲಿ ಅವಳು ತಪ್ಪಿದ್ದಳು. ಯಾಕೆ ತಪ್ಪಿದಳೆಂದು ಅವನಿಗೆ ಆ ಕ್ಷಣವೇ ಅರ್ಥವಾಯಿತು: ಪರದೆ ಎಳೆದು, ಅವನಿಗೆ ಕಾಣದ ಹಾಗೆ ಮಾಡಿದ ಕೆಲಸ. ಅವನಿಗೆ ಇರಿದದ್ದು ಅದೇ. ನಾಳೆ ಬನ್ನಿ ಎಂದು ಟೀಚರನ್ನು ಕಳಿಸಿದ. ಬೆಂಚಿನ ಮೇಲೆ ಕಾಯುತ್ತಿದ್ದವರನ್ನೂ ಕಳಿಸಲು ಹೇಳಿದ. ಕಳಿಸಿದೆ.

ಆಮೇಲೆ ನಡೆದ ಮಾತೆಲ್ಲ ಬರೆಯುವಂಥದ್ದಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಅಣ್ಣ ಕೂಗಲಿಲ್ಲ, ಅದೇ ಭಯವಾಗಿದ್ದು. ನನ್ನನ್ನು ನೋಡಿ ಹೆದರಿ ಕದ್ದು ಮಾಡಿದೆಯಾ ಎಂದು ಕೇಳಿದ. ಹೌದು ಎಂದಳು. ಡ್ರೈವರನ ತುಟಿ ಸೀಳಿದ್ದು ನಿನ್ನ ಕೈ ನಿಂತದ್ದರಿಂದ ಎಂದ. ಅದಕ್ಕೂ ಹೌದು ಎಂದಳು. ಇನ್ನೊಮ್ಮೆ ಇಕ್ಕಳ ಹಿಡಿದರೆ ಇನ್ನೊಮ್ಮೆ ನಿಲ್ಲುತ್ತದೆ, ಆಗ ನೀವು ಪಕ್ಕದಲ್ಲಿ ಇರಲ್ಲ ಅಪ್ಪ ಎಂದಳು. ಅಣ್ಣ ಕಿಟಕಿಯ ಸರಳು ಹಿಡಿದು ನಿಂತ. ಅವನಿಗೆ ಅಳು ಬಂದಿತ್ತು, ಕುತ್ತಿಗೆ ಪಟ್ಟಿ ಇದ್ದುದರಿಂದ ತಲೆ ತಗ್ಗಿಸಿ ಅಡಗಿಸಿಕೊಳ್ಳಲೂ ಆಗಲಿಲ್ಲ.

"ಆಯ್ತು," ಎಂದ ಕೊನೆಗೆ. "ಆ ಕಣ್ಣು ಇನ್ನೊಂದು ಸಲ ಮಾಡು. ಹಗಲಲ್ಲಿ, ಈ ಕಿಟಕಿ ಮುಂದೆ. ಆಮೇಲೆ ನಿಮ್ಮತ್ತೆ ಅವರನ್ನ ಬೀದಿ ಬೆಳಕಲ್ಲಿ ನಿಲ್ಲಿಸಿ ನೋಡ್ಲಿ. ಯಾವುದು ಮಾಡಿದ ಕಣ್ಣು ಅಂತ ಅವಳು ಹೇಳಿಬಿಟ್ರೆ ಒಂದನೇ ತಾರೀಖು ನೀನು ಕುರ್ಚಿಗೆ ಬರಬೇಕು. ಮತ್ತೆ ಮಾತಿಲ್ಲ."

ಅವಳು ನನ್ನ ಕಡೆ ನೋಡಿದಳು. ನನ್ನನ್ನೇ ಯಾಕೆ ಆರಿಸಿದನೆಂದು ಮೂವರಿಗೂ ಗೊತ್ತಿತ್ತು. ಟೀಚರನ್ನು ನಾನು ಕನ್ನಡಕವಿಲ್ಲದೆ ಒಮ್ಮೆಯೂ ಕಂಡಿರಲಿಲ್ಲ. ಇನ್ನೊಂದು, ಈ ಹುಡುಗಿಯ ಪರವಾಗಿ ಸುಳ್ಳು ಹೇಳಲು ನನಗೆ ಯಾವ ಕಾರಣವೂ ಇರಲಿಲ್ಲ. ಅತ್ತೆ ಹೇಳಿದ್ದಕ್ಕೆ ಒಪ್ಪುತ್ತೇನೆ ಎಂದಳು. ಎಂಥ ಗುಂಡಿಗೆ ಎಂದುಕೊಂಡೆ, ಜೊತೆಗೆ ಒಳಗೊಳಗೇ ಖುಷಿಯೂ ಆಯಿತು. ನಲವತ್ತು ಹೆಜ್ಜೆ ದೂರದಿಂದ ನಕಲಿ ನಗು ಗುರುತಿಸುವವಳು ನಾನು, ನಕಲಿ ಕಣ್ಣು ಯಾವ ಲೆಕ್ಕ?

ತಿಂಗಳ ಕೊನೆಯ ವಾರವಿಡೀ ಟೀಚರು ಶಾಲೆಗೆ ಹೋಗುವ ಮೊದಲು ಬಂದು ಕಿಟಕಿಯ ಮುಂದೆ ಕೂರುತ್ತಿದ್ದಳು. ನನಗೆ ಒಳಗೆ ಇಣುಕುವ ಹಾಗಿರಲಿಲ್ಲ. ಅಪ್ಪ ಮಗಳ ನಡುವೆ ಮಾತಿಲ್ಲ, ಮನೆಯಲ್ಲಿ ಉಪ್ಪು ಬೇಕಾದರೂ ನನ್ನ ಮುಖಾಂತರ. ಅವಳು ಸೊರಗಿದಳು. ಒಮ್ಮೆ ಬಣ್ಣ ಕೆಟ್ಟು, ಬೇಯಿಸಿದ್ದನ್ನು ಉಜ್ಜಿ ತೆಗೆದು ಮತ್ತೆ ಹಚ್ಚಿದಳು. ಮೋಡ ಕವಿದ ಒಂದು ದಿನ ಕುಂಚ ಮುಟ್ಟದೆ ಸುಮ್ಮನೆ ಕೂತಳು. ಹೊರಗೆ ಕೂತ ನನಗೆ ಒಂದೇ ಸದ್ದು ತಪ್ಪದೆ ಕೇಳುತ್ತಿತ್ತು: ಯಾರೂ ಬರುವ ಮೊದಲು ಅಣ್ಣ ಒಳಗೆ ಹೋಗಿ ಕಿಟಕಿಯ ಪರದೆಯನ್ನು ಪೂರ್ತಿ ಸರಿಸುವ ಸದ್ದು. ಅದು ಅವನ ಹಳೆಯ ಅಭ್ಯಾಸವೋ ಬೇರೇನೋ, ನಾನು ಕೇಳಲಿಲ್ಲ.

ಕೊನೆಯ ದಿನ ಬೋರ್ಡು ಬರೆಯುವವನು ಏಣಿ ತಂದು ಔಷಧಿ ಅಂಗಡಿಯ ಗೋಡೆಗೆ ಒರಗಿಸಿದ್ದ. ಏನು ಬರೆಯಬೇಕೆಂದು ಹೇಳುವವರಿಲ್ಲದೆ ಬೀಡಿ ಸೇದುತ್ತಾ ಕೂತಿದ್ದ. ನಾನು ಟೀಚರನ್ನು ಕರೆದುಕೊಂಡು ಮೆಟ್ಟಿಲಿಳಿದೆ. ಬಿಸಿಲು ನೆಟ್ಟಗಿತ್ತು. ಮೇಲೆ ಕಿಟಕಿಯಲ್ಲಿ ಅಣ್ಣ, ಅವನ ಪಕ್ಕದಲ್ಲಿ ಮಗಳು. ಅಣ್ಣನಿಗೆ ಬಗ್ಗಿ ನಮ್ಮನ್ನು ನೋಡಲು ಆಗುವುದಿಲ್ಲ, ಎದುರು ಮನೆಯ ತಾರಸಿ ನೋಡುತ್ತಾ ನಿಂತಿದ್ದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

ಟೀಚರು ಕನ್ನಡಕ ತೆಗೆದಳು.

ನೋಡಿದೆ. ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ನೋಡಿದೆ. ಪಾಪೆಯ ಅಂಚು, ಒಳಗಿನ ಕಂದು, ಮೂಲೆಯ ತಿಳಿ ಹಳದಿ, ಕೆಂಪು ಎಳೆಗಳು. ಎರಡು ಕಡೆಯೂ ಎಲ್ಲ ಇತ್ತು. ಇದು ತಪ್ಪಿದರೆ ನನ್ನ ಮೇಜು ಹೋಯಿತು, ಬೆಂಚು ಹೋಯಿತು, ನನ್ನನ್ನು ಕಂಡರೆ ನೆಟ್ಟಗೆ ಕೂರುತ್ತಿದ್ದ ಜನ ಹೋದರು. ಮತ್ತೆ ನೋಡಿದೆ. ಎಡಗಣ್ಣು ಕೊಂಚ ಅಲುಗದೆ ನಿಂತ ಹಾಗಿತ್ತು, ಕೊಂಚ ಹೆಚ್ಚು ಹೊಳೆಯುತ್ತಿತ್ತು. ಜೀವವಿದ್ದದ್ದು ಹಾಗೆ ಹೊಳೆಯುವುದಿಲ್ಲ. ಸಿಕ್ಕಿತು ಎಂದುಕೊಂಡೆ.

ಬೆರಳು ಮಾಡಿ ತೋರಿಸಿದೆ. "ಇದು."

ಟೀಚರು ನಾನು ತೋರಿಸಿದ ಕಣ್ಣನ್ನು ತನ್ನ ಅಂಗೈಯಿಂದ ಮುಚ್ಚಿಕೊಂಡಳು. ಇನ್ನೊಂದು ಕಣ್ಣು ನನ್ನನ್ನೇ ನೋಡುತ್ತಿತ್ತು, ತುಂಬ ಸೌಮ್ಯವಾಗಿ.

"ಈಗ ನೀವು ನನಗೆ ಕಾಣ್ತಾ ಇಲ್ಲ ಅಮ್ಮ," ಎಂದಳು.

ಮೇಲಿನಿಂದ ಅಣ್ಣ ತಾರಸಿಯ ಕಡೆಯೇ ನೋಡುತ್ತಾ, ಏನಂತೆ, ಗೊತ್ತಾಯ್ತಾ ಎಂದು ಕೇಳಿದ. ಅವನಿಗೆ ಕೆಳಗಿನದೇನೂ ಕಾಣುತ್ತಿರಲಿಲ್ಲ. ಗೊತ್ತಾಯ್ತು ಎಂದು ಒಂದು ಮಾತು ಹೇಳಿದ್ದರೆ ನನ್ನ ಮಾತನ್ನು ಅವನು ಅನುಮಾನಿಸುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಮಗಳು ಈಗ ಕಣ್ಣು ತೆರೆದು ನನ್ನನ್ನು ನೋಡುತ್ತಿದ್ದಳು, ಆ ಕುರ್ಚಿಯಲ್ಲಿ ಒರಗಿದವರು ನೋಡುವ ಹಾಗೆಯೇ.

"ಕುರ್ಚಿ ಮಾರಿಬಿಡು ಅಣ್ಣ," ಎಂದೆ.